ನಿಷಿಧಿಗಲ್ಲಿನ ಛಾಯಾಪ್ರತಿ: ಹೊಸಕೋಟೆ ಪರಿಸರವನ್ನು ಕುರಿತ ಒಂದು ವಿಮರ್ಶೆ

೧

ಓಲೆಗರಿಯ ಪ್ರತಿಯೊಂದನ್ನು ಕೈಗೆತ್ತಿಕೊಂಡ ಸಂಪಾದಕನು ಮೊದಲು ಅರಸುವುದು ಅದರ ಪುಷ್ಪಿಕೆಯನ್ನು. ಬರೆದವನು ಯಾರು, ಯಾವ ಊರಿನಲ್ಲಿ, ಯಾವ ಸಂವತ್ಸರದ ಯಾವ ತಿಥಿಯಲ್ಲಿ, ಯಾರ ಸಲುವಾಗಿ ಬರೆದನು ಎಂಬ ವಿವರಗಳು ಅಲ್ಲಿ ದೊರೆತರೆ ಪ್ರತಿಯ ಯೋಗ್ಯತೆಯನ್ನು ನಿರ್ಣಯಿಸುವುದು ಸುಲಭವಾಗುತ್ತದೆ. ಪುಷ್ಪಿಕೆಯ ಗರಿ ಕಳೆದುಹೋಗಿದ್ದರೆ, ಪಾಠವು ಎಷ್ಟೇ ಶುದ್ಧವಾಗಿದ್ದರೂ, ಪ್ರತಿಗಳ ಪರಂಪರೆಯಲ್ಲಿ ಅದರ ಸ್ಥಾನವು ಸಂದಿಗ್ಧವಾಗಿಯೇ ಉಳಿಯುತ್ತದೆ. ಗ್ರಂಥಸಂಪಾದನೆಯಲ್ಲಿ ಸರ್ವಸಮ್ಮತವಾದ ಈ ನಿಯಮವನ್ನು ಶಿಲಾಸ್ಮಾರಕಗಳ ಛಾಯಾಚಿತ್ರಗಳಿಗೂ ಅನ್ವಯಿಸಬೇಕೆಂಬ ಅರಿವು ಸಾಕಷ್ಟು ಬೆಳೆದಂತೆ ಕಾಣುವುದಿಲ್ಲ. ಇಂದು ಗ್ರಾಮಾಂತರ ಪ್ರದೇಶದ ದೇಗುಲ, ಬಸದಿ, ವೀರಗಲ್ಲು, ಮಾಸ್ತಿಗಲ್ಲು, ನಿಷಿಧಿಗಲ್ಲುಗಳ ಚಿತ್ರಗಳು ಹಿಂದೆಂದೂ ಇಲ್ಲದಷ್ಟು ಸಂಖ್ಯೆಯಲ್ಲಿ ತೆಗೆಯಲ್ಪಡುತ್ತಿವೆ. ಆದರೆ ಅವುಗಳಲ್ಲಿ ಬಹುಪಾಲು ಚಿತ್ರಗಳು ಪುಷ್ಪಿಕೆಯಿಲ್ಲದ ಪ್ರತಿಗಳು. ಹೊಸಕೋಟೆ ಮತ್ತು ಅದರ ನೆರೆಯ ಪ್ರದೇಶಗಳ ಜೈನ ಅವಶೇಷಗಳನ್ನು ಮುಂದಿಟ್ಟುಕೊಂಡು ಈ ಕೊರತೆಯ ಸ್ವರೂಪವನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ಹೊಸಕೋಟೆ ತಾಲ್ಲೂಕಿನ ಶಾಸನಗಳು ವ್ಯವಸ್ಥಿತವಾಗಿ ಬೆಳಕಿಗೆ ಬಂದುದು ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ. ೧೯೦೫ರಲ್ಲಿ ಪ್ರಕಟವಾದ ಈ ಸಂಪುಟವು ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರು ವಿಂಗಡಿಸಿ, ಮೂಲಪಾಠ, ರೋಮನ್ ಲಿಪ್ಯಂತರ ಮತ್ತು ಅನುವಾದಗಳೊಡನೆ ಒದಗಿಸಿತು. ಆ ಮಹತ್ಕಾರ್ಯದ ಉಪಕಾರವನ್ನು ಕನ್ನಡ ನಾಡಿನ ಯಾವ ಸಂಶೋಧಕನೂ ಮರೆಯುವಂತಿಲ್ಲ. ಆದರೂ ಅದರ ವಿಧಾನದ ಮಿತಿಯನ್ನು ಹೇಳದೆ ವಿಮರ್ಶೆಯು ಪೂರ್ಣವಾಗದು. ಸಂಪುಟದ ಲಕ್ಷ್ಯವೆಲ್ಲ ಅಕ್ಷರದ ಮೇಲೆ. ಕಲ್ಲು ಅಕ್ಷರವನ್ನು ಹೊತ್ತ ಆಧಾರವಾಗಿ ಮಾತ್ರ ಅಲ್ಲಿ ಪರಿಗಣಿತವಾಗಿದೆ. ಇಂಥ ಊರಿನ ಇಂಥ ಗುಡಿಯ ಬಳಿಯ ಕಲ್ಲು, ಇಂಥ ಹೊಲದ ಕಲ್ಲು ಎಂಬ ಒಂದು ಸಾಲಿನ ಸ್ಥಳನಿರ್ದೇಶವು ಅಂದಿಗೆ ಸಾಕಾಗಿತ್ತು. ಗುಡಿಯು ಜೀರ್ಣೋದ್ಧಾರಗೊಂಡು, ಹೊಲವು ನಿವೇಶನವಾಗಿ, ಕೆರೆಯ ಏರಿಯ ಮೇಲೆ ರಸ್ತೆ ಹಾದುಹೋದ ಮೇಲೆ ಆ ನಿರ್ದೇಶದಿಂದ ಕಲ್ಲನ್ನು ಗುರುತಿಸುವುದು ಕಷ್ಟಸಾಧ್ಯ. ಇದಕ್ಕಿಂತ ಗಂಭೀರವಾದ ಪರಿಣಾಮ ಮತ್ತೊಂದಿದೆ. ಅಕ್ಷರವೇ ಇಲ್ಲದ ಸ್ಮಾರಕಶಿಲೆಗೆ ಇಂತಹ ಸಂಗ್ರಹದಲ್ಲಿ ಎಡೆಯಿಲ್ಲ. ಶಿಲ್ಪವಿದ್ದು ಬರಹವಿಲ್ಲದ ನಿಷಿಧಿಯು, ಸಂಪುಟವನ್ನು ನಂಬಿದವರ ಪಾಲಿಗೆ, ಇಲ್ಲದ ವಸ್ತುವೇ ಸರಿ.

ಮೂಲಶಿಲೆಯ ಬಳಿಗೆ ಮರಳಿ ಹೋಗುವುದರ ಫಲವೇನು ಎಂಬುದಕ್ಕೆ ಶ್ರವಣಬೆಳಗೊಳದ ಸಂಪುಟವು ಸಾಕ್ಷಿ. ೧೮೮೯ರಲ್ಲಿ ರೈಸ್ ಅವರು ೧೪೪ ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರು ೧೯೨೩ರಲ್ಲಿ ಪರಿಷ್ಕರಿಸಿದ ಆವೃತ್ತಿಯಲ್ಲಿ ಆ ಸಂಖ್ಯೆ ೫೦೦ಕ್ಕೆ ಏರಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ೧೯೭೩ರಲ್ಲಿ ಹೊರತಂದ ಆವೃತ್ತಿಯಲ್ಲಿ ೫೭೩ ಶಾಸನಗಳಿವೆ. ಸ್ಥಳವು ಅದೇ, ಬೆಟ್ಟಗಳೂ ಅವೇ. ಹೆಚ್ಚಿದುದು ನೋಡುವ ಕಣ್ಣುಗಳ ಶ್ರಮ. ಚಿಕ್ಕಬೆಟ್ಟದ ಪ್ರಾಚೀನ ನಿಷಿಧಿಶಾಸನಗಳಲ್ಲಿ ಅನೇಕವು ಹಾಸುಬಂಡೆಯ ಮೇಲೆಯೇ ಕೊರೆಯಲ್ಪಟ್ಟಿರುವುದರಿಂದ ಅವು ಸ್ಥಾನಭ್ರಷ್ಟವಾಗಲಾರವು. ಒಂದು ಶತಮಾನದ ಬಳಿಕ ಹೋದವನಿಗೂ ಅವು ಅಲ್ಲಿಯೇ ದೊರೆಯುತ್ತವೆ. ಬಯಲುಸೀಮೆಯ ಹಳ್ಳಿಗಳಲ್ಲಿ ಬಿಡಿಯಾಗಿ ನಿಂತ ಕಲ್ಲುಗಳಿಗೆ ಈ ಭಾಗ್ಯವಿಲ್ಲ. ಆದುದರಿಂದ ಎರಡನೆಯ ಸಲ ನೋಡುವ ಅವಕಾಶವು ಅವುಗಳ ವಿಷಯದಲ್ಲಿ ಛಾಯಾಪ್ರತಿಯಿಂದ ಮಾತ್ರ ಸಿಗಬಹುದು.

೩

ಹೊಸಕೋಟೆಯ ಹೆಸರು ಜೈನ ಇತಿಹಾಸದಲ್ಲಿ ನಿಂತಿರುವುದು ಮುಖ್ಯವಾಗಿ ಗಂಗ ಅವಿನೀತನ ತಾಮ್ರಶಾಸನದಿಂದ. ೧೯೩೮ರ ಮೈಸೂರು ಪುರಾತತ್ತ್ವ ಇಲಾಖೆಯ ವರದಿಯಲ್ಲಿ ಪ್ರಕಟವಾದ ಈ ಶಾಸನವು, ಪಲ್ಲವ ಸಿಂಹವಿಷ್ಣುವಿನ ತಾಯಿ ಕಟ್ಟಿಸಿದ ಅರ್ಹದಾಯತನಕ್ಕೆ ಸಂದ ದಾನವನ್ನು ತಿಳಿಸುತ್ತದೆ. ಗಂಗ ಪಲ್ಲವ ರಾಜವಂಶಗಳ ಸಮಕಾಲೀನತೆಯನ್ನು ನಿರ್ಧರಿಸುವಲ್ಲಿಯೂ, ರಾಜಮಾತೆಯೊಬ್ಬಳ ಜಿನಭಕ್ತಿಯನ್ನು ತೋರಿಸುವಲ್ಲಿಯೂ ಇದರ ಮಹತ್ತ್ವವು ಸುವಿದಿತ. ಇದೇ ಶಾಸನದಲ್ಲಿ ‘ಯಾವನಿಕ’ ಎಂದು ಓದಲಾಗಿರುವ ಸಂಘದ ಹೆಸರು ಬರುತ್ತದೆ. ಇದನ್ನು ಯಾಪನೀಯ ಸಂಘವೆಂದು ಗ್ರಹಿಸಿದ ವಿದ್ವಾಂಸರಿದ್ದಾರೆ.

ಇಲ್ಲಿ ಪಾಠವಿಮರ್ಶೆಗೆ ಎರಡು ದಾರಿಗಳಿವೆ. ‘ಯಾವನಿಕ’ ಎಂಬುದನ್ನು ಲಿಪಿದೋಷವೆಂದು ಭಾವಿಸಿದರೆ, ದೋಷವು ಒಂದೇ ಅಕ್ಷರದಲ್ಲಿ ನಿಲ್ಲುವುದಿಲ್ಲ. ಪಕಾರದ ಎಡೆಯಲ್ಲಿ ವಕಾರವೂ, ಯಕಾರದ ಎಡೆಯಲ್ಲಿ ಕಕಾರವೂ, ದೀರ್ಘದ ಎಡೆಯಲ್ಲಿ ಹ್ರಸ್ವವೂ ಬಂದಿರಬೇಕಾಗುತ್ತದೆ. ಮೂರು ಸ್ಖಲನಗಳು ಒಂದೇ ಪದದಲ್ಲಿ ಒಟ್ಟಾದುವೆನ್ನುವುದು ಸುಲಭವಾಗಿ ಒಪ್ಪತಕ್ಕ ಮಾತಲ್ಲ. ಇನ್ನೊಂದು ದಾರಿ ಪ್ರಾಕೃತದ್ದು. ಯಾಪನೀಯ ಶಬ್ದವು ಪ್ರಾಕೃತದಲ್ಲಿ ‘ಜಾವಣಿಜ್ಜ’ ಎಂದಾಗುವುದರಿಂದ ಪಕಾರವು ವಕಾರವಾಗುವುದು ಭಾಷಾಸಹಜ; ಹಾಗಾದರೆ ‘ಯಾವನಿಕ’ವು ತಪ್ಪಲ್ಲ, ಪ್ರಾಕೃತದ ಉಚ್ಚಾರವನ್ನು ಸಂಸ್ಕೃತದ ಉಡುಪಿನಲ್ಲಿ ತೋರಿಸುವ ರೂಪಾಂತರ. ಎರಡರಲ್ಲಿ ಯಾವುದು ಗ್ರಾಹ್ಯವೆಂಬುದನ್ನು ಮುದ್ರಿತ ಪಾಠವೊಂದರಿಂದಲೇ ನಿರ್ಣಯಿಸಲಾಗದು. ಆ ಕಾಲದ ದಕ್ಷಿಣ ಲಿಪಿಯಲ್ಲಿ ಪಕಾರದ ತಲೆ ತೆರೆದಿರುತ್ತದೆ, ವಕಾರದ ತಲೆ ಮುಚ್ಚಿರುತ್ತದೆ. ಆ ಒಂದು ಗೆರೆ ತಾಮ್ರದ ಮೇಲೆ ಹೇಗಿದೆ, ಅದೇ ಬರಹಗಾರನು ಬೇರೆಡೆ ಆ ಎರಡು ಅಕ್ಷರಗಳನ್ನು ಹೇಗೆ ಕೊರೆದಿದ್ದಾನೆ ಎಂಬುದನ್ನು ಹಲಗೆ ಹಲಗೆಯಾಗಿ ತೆಗೆದ ದೊಡ್ಡ ಅಳತೆಯ ಚಿತ್ರಗಳು ಮಾತ್ರ ತೋರಿಸಬಲ್ಲುವು. ಕೆ. ವಿ. ರಮೇಶ್ ಅವರ ಪಶ್ಚಿಮ ಗಂಗರ ಶಾಸನಸಂಕಲನವು ೧೯೮೪ರಲ್ಲಿ ಬಂದ ಮೇಲೆ ಗಂಗಶಾಸನಗಳ ಪಾಠಗಳು ಒಂದೆಡೆ ದೊರೆಯುವಂತಾದುವು. ಪಾಠಗಳ ಪಕ್ಕದಲ್ಲಿ ಪ್ರತಿಯೊಂದು ಹಲಗೆಯ ಛಾಯಾಪ್ರತಿಯನ್ನೂ ಇಟ್ಟು ನೋಡುವ ಕಾರ್ಯವು ಮುಂದಿನ ಹೆಜ್ಜೆಯಾಗಬೇಕು.

ಮೂಲವನ್ನು ಕಾಣದೆ ನಡೆಸಿದ ವಾದವು ಎಷ್ಟು ದೂರ ಹೋಗಬಲ್ಲುದೆಂಬುದನ್ನು ಷಟ್ಖಂಡಾಗಮದ ಇತಿಹಾಸ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಧವಲಾಟೀಕೆಯ ಪ್ರಥಮ ಸಂಪುಟವು ೧೯೩೯ರಲ್ಲಿ ಮುದ್ರಿತವಾದಾಗ, ಸತ್ಪ್ರರೂಪಣೆಯ ೯೩ನೆಯ ಸೂತ್ರದಲ್ಲಿ ತಮ್ಮ ಮುಂದಿದ್ದ ಪ್ರತಿಗಳಲ್ಲಿ ಇಲ್ಲದ ‘ಸಂಜದ’ ಪದವು ಮೂಲದಲ್ಲಿ ಇದ್ದಿರಬೇಕೆಂದು ಸಂಪಾದಕರು ಸೂಚಿಸಿದರು. ಆ ಒಂದು ಪದದ ಸುತ್ತ ದೀರ್ಘವಾದ ಚರ್ಚೆಯೇ ನಡೆಯಿತು. ಮೂಡುಬಿದಿರೆಯ ಓಲೆಯ ಪ್ರತಿಗಳನ್ನು ತೆರೆದು ನೋಡಿದಾಗ ಆ ಪದವು ಅಲ್ಲಿ ಇದ್ದಿತು. ಸಿದ್ಧಾಂತದ ಅರ್ಥನಿರ್ಣಯವು ಬೇರೆಯ ವಿಷಯ. ಅಕ್ಷರದ ಇರವು ಮಾತ್ರ ಮೂಲದರ್ಶನದಿಂದಲೇ ಸಿದ್ಧವಾಯಿತು. ಗರಿಗೆ ಹೇಳಿದ ಈ ಮಾತು ತಾಮ್ರಕ್ಕೂ ಶಿಲೆಗೂ ಸಮಾನವಾಗಿ ಸಲ್ಲುತ್ತದೆ.

೪

ತಾಮ್ರಪಟಗಳು ಸಂಗ್ರಹಾಲಯವನ್ನು ಸೇರಿದರೂ ಬದುಕುತ್ತವೆ. ನಿಷಿಧಿಗಲ್ಲು ತನ್ನ ಎಡೆಯಿಂದ ಕದಲಿದರೆ ಅದರ ಅರ್ಥದ ಒಂದು ಭಾಗವು ನಷ್ಟವಾಗುತ್ತದೆ. ನಿಷಿಧಿಯು ಸಾಮಾನ್ಯಾರ್ಥದ ಗೋರಿಯಲ್ಲ. ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದವರ ಸ್ಮರಣೆಗಾಗಿ ನಿಲ್ಲಿಸಿದ ಶಿಲೆಯದು. ಅದರ ಕೆಳಗೆ ಶರೀರವಿರಬೇಕೆಂಬ ನಿಯಮವಿಲ್ಲ. ಈ ಭೇದವನ್ನರಿಯದೆ ಗ್ರಾಮಸ್ಮಾರಕಗಳ ಪಟ್ಟಿಗಳಲ್ಲಿ ಅದನ್ನು ಸಮಾಧಿ, ಗೋರಿ ಎಂದು ಬರೆಯುವುದು ತಪ್ಪು. ವೀರಗಲ್ಲೆಂದು ಬರೆಯುವುದು ಇನ್ನೂ ದೊಡ್ಡ ತಪ್ಪು. ವೀರಗಲ್ಲಿನಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರೊಡನೆ ವೀರನ ಊರ್ಧ್ವಗಮನ, ಮೇಲೆ ಶಿವಸಾನ್ನಿಧ್ಯ ಎಂಬ ಕ್ರಮವು ಸಾಮಾನ್ಯ. ನಿಷಿಧಿಯಲ್ಲಿ ಮೇಲಿನ ಪಟ್ಟಿಕೆಯಲ್ಲಿ ಮುಕ್ಕೊಡೆಯ ಕೆಳಗೆ ಜಿನಮೂರ್ತಿ, ಅದರ ಕೆಳಗೆ ವ್ಯಾಸಪೀಠದ ಇಕ್ಕೆಲದಲ್ಲಿ ಗುರುವೂ ಆರಾಧಕನೂ ಕುಳಿತಿರುವ ದೃಶ್ಯ ಕಂಡುಬರುತ್ತದೆ. ಬರಿಯ ಪಾದಗಳನ್ನು ಮಾತ್ರ ಕೆತ್ತಿದ ಶಿಲೆಗಳೂ ಉಂಟು. ಸವೆದ ಕಲ್ಲಿನಲ್ಲಿ ಕುಳಿತ ಎರಡು ಆಕೃತಿಗಳು ಕಾಣುವಾಗ ನಡುವಣ ಪೀಠವನ್ನು ಗುರುತಿಸದ ಚಿತ್ರವು ಆ ಶಿಲೆಯ ಧರ್ಮವನ್ನೇ ಮರೆಮಾಡುತ್ತದೆ. ಎಸ್. ಶೆಟ್ಟರ್ ಅವರು ೧೯೮೬ ಮತ್ತು ೧೯೯೦ರಲ್ಲಿ ಪ್ರಕಟಿಸಿದ ಎರಡು ಗ್ರಂಥಗಳಲ್ಲಿ ಸಲ್ಲೇಖನದ ಸಂಪ್ರದಾಯವನ್ನೂ ಅದರ ಸ್ಮಾರಕಗಳನ್ನೂ ಕೂಲಂಕಷವಾಗಿ ವಿವೇಚಿಸಿದ್ದಾರೆ. ಅಂತಹ ಅಧ್ಯಯನವು ಲಭ್ಯವಿರುವಾಗಲೂ ಈ ಗೊಂದಲ ಮುಂದುವರಿಯುವುದು ವಿಷಾದಕರ.

ಬೆಂಗಳೂರಿನ ದಕ್ಷಿಣದ ಬೇಗೂರಿನ ನಿದರ್ಶನವು ಇಲ್ಲಿ ಸ್ಮರಣೀಯ. ಗಂಗ ಎರೆಯಪ್ಪನ ಪರವಾಗಿ ವೀರಮಹೇಂದ್ರನ ಸೈನ್ಯದೊಡನೆ ಕಾದಿ ಮಡಿದ ನಾಗತ್ತರನ ವೀರಗಲ್ಲು ಬೇಗೂರಿನಿಂದ ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಬಂದಿದೆ. ಅದರ ಯುದ್ಧದೃಶ್ಯವು ಶಿಲ್ಪಾಭ್ಯಾಸಿಗಳಿಗೆ ಚಿರಪರಿಚಿತ. ನಾಗತ್ತರನ ಮಗಳು ತೊಂಡಬ್ಬೆಯು ಸಲ್ಲೇಖನದಿಂದ ಮುಡಿಪಿದುದನ್ನು ತಿಳಿಸುವ ಶಾಸನವೂ ಬೇಗೂರಿನದೇ. ರಣರಂಗದಲ್ಲಿ ತಂದೆಯ ಮರಣ, ವ್ರತದಲ್ಲಿ ಮಗಳ ಮರಣ: ಒಂದೇ ಮನೆತನದ ಎರಡು ಆದರ್ಶಗಳನ್ನು ಆ ಎರಡು ಕಲ್ಲುಗಳು ಒಟ್ಟಾಗಿ ಹೇಳುತ್ತವೆ. ಅವುಗಳನ್ನು ಬೇರೆಬೇರೆಯಾಗಿ ಚಿತ್ರಿಸಿ ಬೇರೆಬೇರೆ ಶೀರ್ಷಿಕೆಯಡಿ ಇಟ್ಟರೆ ಈ ಸಂಬಂಧವು ಅದೃಶ್ಯವಾಗುತ್ತದೆ. ಒಂದು ಊರಿನ ಸ್ಮಾರಕಗಳೆಲ್ಲವನ್ನೂ ಒಂದು ಕಟ್ಟಾಗಿ ಪರಿಗಣಿಸಬೇಕೆಂಬ ತತ್ತ್ವವು ಇದರಿಂದ ದೊರೆಯುತ್ತದೆ. ನೆಲಮಂಗಲದ ಮಣ್ಣೆಯಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ಸೇನಾಪತಿ ಶ್ರೀವಿಜಯನು ಮಾನ್ಯಪುರದಲ್ಲಿ ಕಟ್ಟಿಸಿದ ಜಿನಾಲಯಕ್ಕೆ ೭೯೭ರಲ್ಲಿಯೂ ೮೦೨ರಲ್ಲಿಯೂ ದಾನಗಳು ಸಂದುದನ್ನು ತಾಮ್ರಶಾಸನಗಳು ಹೇಳುತ್ತವೆ. ಹೊಸಕೋಟೆಗೆ ಹೊಂದಿದ ಮಾಲೂರಿನ ನೊಣಮಂಗಲದ ತಾಮ್ರಶಾಸನಗಳು ದೊರೆತುದೂ ಪಾಳುಬಿದ್ದ ಬಸದಿಯ ನೆಲೆಯಲ್ಲಿಯೇ. ಪಟಗಳ ಪಾಠವನ್ನು ಬಲ್ಲ ವಿದ್ವಾಂಸನು ಆ ನೆಲವನ್ನೂ ಬಲ್ಲವನಾಗಬೇಕಾದರೆ ಬಿದ್ದ ಕಂಬ, ಅಧಿಷ್ಠಾನದ ಕಲ್ಲು, ಹೊಲದ ಬದುವಿಗೆ ಸೇರಿದ ತುಂಡು ಇವೆಲ್ಲದರ ಚಿತ್ರಗಳೂ ಪಾಠದೊಡನೆ ಇರಬೇಕು.

೫

ಇನ್ನು ಛಾಯಾಚಿತ್ರಣದ ಆಚರಣೆಯನ್ನು ಕುರಿತು. ಅಕ್ಷರಗಳು ಸ್ಪಷ್ಟವಾಗಿ ಕಾಣಲೆಂದು ಗೆರೆಗಳಿಗೆ ಸೀಮೆಸುಣ್ಣವನ್ನೋ ಬಣ್ಣವನ್ನೋ ತುಂಬಿ ಚಿತ್ರ ತೆಗೆಯುವುದು ಒಂದು ವಾಡಿಕೆ. ಇದು ಓಲೆಯ ಅಳಿಸಿದ ಅಕ್ಷರದ ಮೇಲೆ ತನ್ನ ಊಹೆಯನ್ನು ಶಾಯಿಯಿಂದ ಬರೆದು, ಬಳಿಕ ಅದನ್ನೇ ಮೂಲಪಾಠವೆಂದು ಮುದ್ರಿಸಿದಂತೆ. ತುಂಬಿದವನ ಓದು ಸರಿಯಾಗಿದ್ದರೆ ಲಾಭವು ಅಲ್ಪ; ತಪ್ಪಾಗಿದ್ದರೆ ಆ ತಪ್ಪು ಚಿತ್ರದ ಪ್ರಾಮಾಣ್ಯವನ್ನು ಪಡೆದು ಮುಂದಿನವರನ್ನು ದಾರಿತಪ್ಪಿಸುತ್ತದೆ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲು, ಇಲ್ಲವೆ ರಾತ್ರಿಯಲ್ಲಿ ಪಕ್ಕದಿಂದ ಹಿಡಿದ ದೀಪ, ಕಲ್ಲಿಗೆ ಏನನ್ನೂ ಬಳಿಯದೆಯೇ ಗೆರೆಗಳನ್ನು ಎತ್ತಿ ತೋರಿಸುತ್ತದೆ. ಒಂದು ದಿಕ್ಕಿನ ಬೆಳಕಿನಲ್ಲಿ ಅಡಗಿದ ಗೆರೆ ಮತ್ತೊಂದು ದಿಕ್ಕಿನ ಬೆಳಕಿನಲ್ಲಿ ಮೂಡುವುದರಿಂದ ಕನಿಷ್ಠ ಎರಡು ಚಿತ್ರಗಳು ಅವಶ್ಯ. ಒದ್ದೆಗಾಗದವನ್ನು ಕಲ್ಲಿಗೆ ಒತ್ತಿ ಮಸಿ ಲೇಪಿಸಿ ತೆಗೆಯುವ ಪಡಿಯಚ್ಚು ಅಕ್ಷರದ ನಿಜವಾದ ಅಳತೆಯನ್ನು ಕೊಡುತ್ತದೆ, ಶಿಲ್ಪದ ಉಬ್ಬನ್ನು ಕೊಡದು. ಛಾಯಾಚಿತ್ರವು ಶಿಲ್ಪವನ್ನು ಕೊಡುತ್ತದೆ, ಅಳತೆಯನ್ನು ಕೊಡದು. ಒಂದು ಮತ್ತೊಂದರ ಸ್ಥಾನವನ್ನು ತುಂಬಲಾರದು.

ಹಳ್ಳಿಗರು ಅರಿಸಿನ ಕುಂಕುಮಗಳನ್ನಿಟ್ಟು ಬೇರೊಂದು ಹೆಸರಿನಿಂದ ಪೂಜಿಸುವ ಕಲ್ಲನ್ನು ಉಜ್ಜಿ ತೊಳೆದು ಚಿತ್ರಿಸುವುದೂ ಉಚಿತವಲ್ಲ. ಆ ಪೂಜೆಯೇ ಎಷ್ಟೋ ಕಲ್ಲುಗಳನ್ನು ಅಡಿಗಲ್ಲಾಗದಂತೆ ಕಾಪಾಡಿದೆ. ಅದೂ ಕಲ್ಲಿನ ಚರಿತ್ರೆಯ ಒಂದು ಪದರ. ಊರವರ ಒಪ್ಪಿಗೆಯೊಡನೆ ಇದ್ದಂತೆಯೇ ಒಂದು ಚಿತ್ರವನ್ನು ತೆಗೆದು, ಊರಲ್ಲಿ ಕರೆಯುವ ಹೆಸರನ್ನೂ ಬರೆದಿಡುವುದು ವಿವೇಕದ ಮಾರ್ಗ.

ಈ ಹಿನ್ನೆಲೆಯಲ್ಲಿ, ೧೯೦೯ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು ೨೦೨೧ರಲ್ಲಿ ಆರಂಭಿಸಿದ ಶಾಸನಗಳ ತ್ರಿವಿಮ ಡಿಜಿಟಲ್ ಸಂರಕ್ಷಣಾ ಕಾರ್ಯವು ಪ್ರಶಂಸೆಗೆ ಅರ್ಹ. ಬೆಂಗಳೂರು ಪರಿಸರದ ಶಾಸನಶಿಲೆಗಳನ್ನು ಹುಡುಕಿ, ಅವುಗಳ ಮೇಲ್ಮೈಯನ್ನು ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿ ಸಾರ್ವಜನಿಕರ ಮುಂದಿಡುವ ಈ ವಿಧಾನದಲ್ಲಿ ಬೆಳಕಿನ ದಿಕ್ಕನ್ನು ಓದುಗನೇ ಬದಲಾಯಿಸಬಹುದು. ಕಲ್ಲನ್ನು ಮುಟ್ಟದೆಯೇ ಪಾಠವನ್ನು ಪರಿಶೀಲಿಸಬಹುದು. ಪಡಿಯಚ್ಚು ಮತ್ತು ಛಾಯಾಚಿತ್ರಗಳ ಗುಣಗಳೆರಡೂ ಇಲ್ಲಿ ಕೂಡಿಬಂದಿವೆ. ಆದರೂ ಇದು ಮೊದಲಿಗೆ ಬರಹವುಳ್ಳ ಕಲ್ಲುಗಳ ಕಾರ್ಯ. ಬರಹವಿಲ್ಲದ ನಿಷಿಧಿಗಳಿಗೂ ಇಂತಹ ಗಮನವು ಸಲ್ಲಬೇಕಾದರೆ ಶಿಲ್ಪಲಕ್ಷಣವನ್ನು ಬಲ್ಲ ಜೈನ ವಿದ್ವಾಂಸರ ಸಹಕಾರ ಬೇಕಾಗುತ್ತದೆ. ಯಂತ್ರವು ರೂಪವನ್ನು ಹಿಡಿಯಬಲ್ಲುದು; ಮುಕ್ಕೊಡೆಯನ್ನು ಮುಕ್ಕೊಡೆಯೆಂದು ಅರಿಯುವುದು ಶಾಸ್ತ್ರಪರಿಚಯದ ಕೆಲಸ.

೬

ಮೇಲಿನ ವಿವೇಚನೆಯಿಂದ ನಿಷ್ಪನ್ನವಾಗುವ ಅಂಶವಿಷ್ಟು. ಛಾಯಾಚಿತ್ರವು ಅಲಂಕಾರವಲ್ಲ, ಪ್ರತಿ. ಪ್ರತಿಯಾದ ಮೇಲೆ ಅದಕ್ಕೆ ಪುಷ್ಪಿಕೆ ಅವಶ್ಯ. ಊರು ಮತ್ತು ಹೋಬಳಿಯ ಹೆಸರು, ನೆಲೆಯ ಅಕ್ಷಾಂಶ ರೇಖಾಂಶ, ಕಲ್ಲು ಮುಖಮಾಡಿದ ದಿಕ್ಕು, ಎತ್ತರ ಅಗಲ ದಪ್ಪಗಳು, ಮೂಲಸ್ಥಾನದಲ್ಲಿಯೇ ಇದೆಯೋ ಸಾಗಿಸಲ್ಪಟ್ಟಿದೆಯೋ ಎಂಬ ಮಾತು, ಪ್ರಕಟಿತ ಶಾಸನವಾದರೆ ಸಂಪುಟದ ಸಂಖ್ಯೆ, ಚಿತ್ರ ತೆಗೆದವರ ಹೆಸರು, ದಿನಾಂಕ ಮತ್ತು ಹೊತ್ತು ಇವಿಷ್ಟು ಪ್ರತಿಯೊಂದು ಚಿತ್ರದೊಡನೆಯೂ ಇರಬೇಕು. ಕಲ್ಲಿನ ನಾಲ್ಕು ಮುಖಗಳು, ಸುತ್ತಣ ನೆಲ, ಅಳತೆಪಟ್ಟಿಯೊಡನೆ ಬರಹದ ಭಾಗ ಇವು ಬೇರೆಬೇರೆಯಾಗಿ ಚಿತ್ರಿತವಾಗಬೇಕು. ಇವುಗಳ ಒಂದು ಪ್ರತಿಯು ಕಾಗದದ ಮೇಲೆ ಮುದ್ರಿತವಾಗಿ ಗ್ರಂಥಭಂಡಾರವನ್ನು ಸೇರಬೇಕು. ಯಂತ್ರದ ಕಡತಗಳ ಆಯುಷ್ಯವು ಓಲೆಗರಿಯ ಆಯುಷ್ಯದಷ್ಟಿದೆಯೆಂದು ನಂಬಲು ಇನ್ನೂ ಆಧಾರವಿಲ್ಲ.

ಗ್ರಂಥವನ್ನು ಪ್ರತಿಮಾಡಿಸಿ ಹಂಚುವುದನ್ನು ಶಾಸ್ತ್ರದಾನವೆಂದು ಎಣಿಸಿದ ಸಮಾಜವಿದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿದ ಅತ್ತಿಮಬ್ಬೆಯನ್ನು ಅದು ಮರೆತಿಲ್ಲ. ಸೂಲಿಬೆಲೆ, ನಂದಗುಡಿ, ಜಡಿಗೇನಹಳ್ಳಿ, ಅನುಗೊಂಡನಹಳ್ಳಿ ಹೋಬಳಿಗಳ ಹೊಲಗಳು ದಿನೇ ದಿನೇ ನಗರದ ಅಂಚಾಗುತ್ತಿರುವ ಈ ಕಾಲದಲ್ಲಿ, ನೆಲದೊಳಗೆ ಅರ್ಧ ಹೂತ ಕಲ್ಲೊಂದರ ಶುದ್ಧವಾದ ಪ್ರತಿಯನ್ನು ತೆಗೆದಿಡುವುದೂ ಆ ದಾನದ ಸಾಲಿಗೇ ಸೇರುತ್ತದೆ. ಕಲ್ಲು ಹೋದ ಮೇಲೆ ತೆಗೆಯಬಹುದಾದ ಪ್ರತಿಯೆಂಬುದು ಇಲ್ಲ.