ಪತ್ರೊಡೆಗೆ ಹುಳಿ ಎಷ್ಟು?

ನಮ್ಮದು ಮೀನು ತಿನ್ನುವ ಮನೆ. ಕಾರ್ಕಳದ ಕಡೆಯಿಂದ ಬಂದು ಕಾಂದಿವಲಿ ಪೂರ್ವದಲ್ಲಿ ನೆಲೆಸಿ ಇಪ್ಪತ್ತೆರಡು ವರ್ಷವಾಯಿತು. ಹೋದ ವರ್ಷ ಕಾಲೇಜಿಗೆ ಹೋಗುವ ಮಗಳು ಮೊದಲು ಮೀನು ಬಿಟ್ಟಳು, ಆಮೇಲೆ ಮೊಟ್ಟೆ, ದೀಪಾವಳಿಯ ಹೊತ್ತಿಗೆ ಹಾಲು, ಮೊಸರು, ತುಪ್ಪ ಎಲ್ಲವನ್ನೂ. ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಒಲೆಯ ಮೇಲೆ ಎರಡು ಪಾತ್ರೆ ಬಂದವು, ಅಷ್ಟೆ. ಸ್ವಲ್ಪ ದಿನದಲ್ಲಿ ಊಟದ ಹೊತ್ತೂ ಎರಡಾಯಿತು. ಅವಳು ತನ್ನ ತಟ್ಟೆ ತೆಗೆದುಕೊಂಡು ಕೋಣೆಗೆ ಹೋಗತೊಡಗಿದಳು. ಹೆಂಡತಿಯ ಆಫೀಸು ಚರ್ಚ್‌ಗೇಟಿನಲ್ಲಿ, ನನ್ನದು ಹತ್ತಿರದ ಗೋರೆಗಾಂವ್. ಹಾಗಾಗಿ ರಾತ್ರಿಯ ಅಡುಗೆ ಮೊದಲಿನಿಂದಲೂ ನನ್ನದೇ. ಒಂದೇ ಪಾತ್ರೆಗೆ ವಾಪಸಾಗುವ ಆಸೆಯಿಂದ ನಾನು ವೀಗನ್ ಅಡುಗೆ ಪುಸ್ತಕಗಳನ್ನು ಓದಲು ಹಿಡಿದೆ. ಈ ವಿಮರ್ಶೆ ಅಲ್ಲಿಂದ ಬಂದದ್ದು.

ಮಗಳು ತರಿಸಿದ್ದು ಎರಡು ಪುಸ್ತಕ. ಎರಡೂ ಹೊರದೇಶದಲ್ಲಿ ಅಚ್ಚಾದವು, ‘ಪ್ಲಾಂಟ್-ಬೇಸ್ಡ್’ ಎಂದು ಮುಖಪುಟದಲ್ಲೇ ಸಾರುವಂಥವು. ಹೆಸರು ಹೇಳುವುದಿಲ್ಲ, ಆ ಜಾತಿಯ ಬೇರೆ ಪುಸ್ತಕಗಳಿಗೂ ನನ್ನ ಮಾತು ಹೊಂದೀತು. ಮೊದಲು ಅವುಗಳಿಗೆ ಸಲ್ಲಬೇಕಾದದ್ದು ಸಲ್ಲಲಿ. ಅಳತೆ ಗ್ರಾಮಿನಲ್ಲಿದೆ, ಬೇಯುವ ಸಮಯ ನಿಮಿಷದಲ್ಲಿದೆ, ಫ್ರಿಜ್ಜಿನಲ್ಲಿ ಎಷ್ಟು ದಿನ ಇಡಬಹುದು ಎಂಬುದಿದೆ. ತೋಫುವನ್ನು ಬಟ್ಟೆಯಲ್ಲಿ ಸುತ್ತಿ ಭಾರ ಹೇರಿ ನೀರು ಇಳಿಸದೆ ಹುರಿಯಬಾರದು ಎಂದು ನಾನು ಕಲಿತದ್ದು ಅಲ್ಲೇ. ಎಲ್ಲಕ್ಕಿಂತ ಹೆಚ್ಚಾಗಿ, ಹತ್ತೊಂಬತ್ತು ವರ್ಷ ಅಡುಗೆಮನೆಗೆ ನೀರು ಕುಡಿಯಲು ಮಾತ್ರ ಬರುತ್ತಿದ್ದ ಹುಡುಗಿ ಆ ಫೋಟೋಗಳನ್ನು ನೋಡಿ ಚೂರಿ ಹಿಡಿದಳು. ನನ್ನ ಭಾಷಣಗಳಿಂದ ಆಗದ ಕೆಲಸ ಅದು.

ತೊಂದರೆ ಶುರುವಾದದ್ದು ಈ ಮಳೆಗಾಲದಲ್ಲಿ. ಒಂದು ಪುಸ್ತಕದಲ್ಲಿ ಕೆಸುವಿನ ಎಲೆಯ ಸುರುಳಿ ಇತ್ತು. ನೋಡಿದರೆ ನಮ್ಮ ಪತ್ರೊಡೆಯೇ. ಅಕ್ಕಿ, ತೆಂಗಿನಕಾಯಿ, ಒಣಮೆಣಸು ರುಬ್ಬಿ ಎಲೆಗೆ ಸವರಿ, ಸುತ್ತಿ, ಹಬೆಯಲ್ಲಿ ಬೇಯಿಸುವುದು. ಕೆಸು ಸಿಗದಿದ್ದರೆ ಪಾಲಕ್ ಆದೀತು ಎಂದಿತ್ತು. ಹುಣಸೆಹಣ್ಣಿನ ಜಾಗದಲ್ಲಿ ಒಂದು ಚಮಚ ನಿಂಬೆರಸ, ಅದೂ ‘ಬೇಕಿದ್ದರೆ’. ಅಮ್ಮ ಮಾಡುವುದನ್ನು ನೂರು ಸಲ ನೋಡಿದ್ದೇನೆ, ನಾನು ಮಾಡಿರಲಿಲ್ಲ. ಮಗಳ ಪುಸ್ತಕ, ಮಗಳ ಮರ್ಯಾದೆ ಎಂದು ಅಕ್ಷರಶಃ ಪಾಲಿಸಿದೆ. ನಿಂಬೆರಸ ಬೇಡವೆನಿಸಿತು, ಬಿಟ್ಟೆ. ಎರಡನೆಯ ತುಂಡಿಗೆ ಮಗಳ ಗಂಟಲು ಕೆರೆಯತೊಡಗಿತು, ಆಮೇಲೆ ನನ್ನದು. ಆ ರಾತ್ರಿ ಮೂವರೂ ಬೆಲ್ಲ ಚೀಪುತ್ತಾ ಕೂತೆವು.

ಊರಿಗೆ ಫೋನು ಮಾಡಿದರೆ ಅಮ್ಮ ಕೇಳಿದ್ದು ಒಂದೇ: “ಹುಳಿ ಎಷ್ಟು ಹಾಕಿದ್ದಿ ಮಾರಾಯ? ಅದು ರುಚಿಗಲ್ಲ, ತುರಿಕೆಗೆ.”

ಕೆಸುವಿನ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ, ಗಂಟಲಿಗೆ ಚುಚ್ಚುವುದು ಅವೇ. ಧಾರಾಳ ಹುಳಿ ಮತ್ತು ಚೆನ್ನಾಗಿ ಬೇಯಿಸುವುದು ಅದಕ್ಕೆ ನಮ್ಮವರು ಕಂಡುಕೊಂಡ ಉಪಾಯ. ಅದನ್ನು ಆ ಪುಸ್ತಕ ಹೇಳಲಿಲ್ಲ. ಹುಳಿಯನ್ನು ಬರೀ ರುಚಿಯೆಂದು ತಿಳಿದು ‘ಬೇಕಿದ್ದರೆ’ಯ ಸಾಲಿಗೆ ತಳ್ಳಿತು. ಪಾಲಕ್‌ಗೆ ಸರಿಹೋಗುವ ಮಾತನ್ನು ಕೆಸುವಿಗೂ ಅನ್ವಯಿಸಿತು. ಯಾವ ಪದಾರ್ಥ ಪಾತ್ರೆಯೊಳಗೆ ಏನು ಕೆಲಸ ಮಾಡುತ್ತದೆ ಎಂದು ಹೇಳದ ಪುಸ್ತಕದಲ್ಲಿ ಗ್ರಾಮು, ನಿಮಿಷ ಎಷ್ಟಿದ್ದರೇನು? ಊರಲ್ಲಿದ್ದವರು ಅಂಥ ಪುಸ್ತಕ ಇಟ್ಟುಕೊಂಡೂ ಬಚಾವಾಗುತ್ತಾರೆ, ಪಕ್ಕದಲ್ಲಿ ಅಮ್ಮನೋ ಅತ್ತೆಯೋ ಇರುತ್ತಾರೆ. ಪರವೂರಿನಲ್ಲಿ, ಪಿಜಿ ಕೋಣೆಯ ಒಂಟಿ ಒಲೆಯಲ್ಲಿ, ಒಂದಿದ್ದರೆ ಇನ್ನೊಂದಿಲ್ಲ ಎಂಬಂತೆ ಅಡುಗೆ ಮಾಡುವವರಿಗೆ ಈ ಮಾತೇ ಮುಖ್ಯ.

ಮೊಸರಿನ ವಿಷಯವೂ ಹೀಗೆಯೇ. ಕಡಿ ಮಾಡಲು ಗೋಡಂಬಿಯನ್ನು ರಾತ್ರಿಯಿಡೀ ನೆನೆಸಿ, ರುಬ್ಬಿ, ಅದನ್ನು ಹುಳಿಬರಿಸಿ ಮೊಸರಾಗಿಸಿ ಎನ್ನುತ್ತದೆ ಎರಡನೆಯ ಪುಸ್ತಕ. ಬೋರಿವಲಿ ಲೋಕಲ್‌ನಿಂದ ಇಳಿದು ಏಳೂವರೆಗೆ ಒಲೆ ಹಚ್ಚುವವನಿಗೆ ಹೇಳುವ ಮಾತೇ ಇದು? ಗೋಡಂಬಿಯ ಬೆಲೆಯ ಸುದ್ದಿ ಬೇಡ. ನಮ್ಮ ಮಜ್ಜಿಗೆಹುಳಿಯಲ್ಲಿ ಮೊಸರಿನ ಕೆಲಸವಾದರೂ ಏನು? ಮಂದವನ್ನು ಹೆಚ್ಚಾಗಿ ಕೊಡುವುದು ರುಬ್ಬಿದ ಕಾಯಿ ಮತ್ತು ನೆನೆಸಿದ ಕಡಲೆಬೇಳೆ. ಮೊಸರು ಮುಖ್ಯವಾಗಿ ಹುಳಿಗೆ. ಹುಳಿಯೇ ಬೇಕಾದರೆ ಮುಂಬಯಿಯ ಕಿರಾಣಿ ಅಂಗಡಿಗಳಲ್ಲಿ ಆಮ್ಸೂಲ್ ಇದೆ, ನಮ್ಮ ಪುನರ್ಪುಳಿಯ ಒಣಸಿಪ್ಪೆ. ಮೊಸರೇ ಇಲ್ಲದ ಕಡಿಯನ್ನು ಕೊಂಕಣದವರು ಎಂದೋ ಮಾಡಿಟ್ಟಿದ್ದಾರೆ. ಕಾಯಿಹಾಲು, ಆಮ್ಸೂಲ್ ಸೇರಿದ ಸೋಲ್‌ಕಡಿ ಮಾಲ್ವಣಿ ಹೋಟೆಲುಗಳಲ್ಲಿ ಗ್ಲಾಸುಗಟ್ಟಲೆ ಸಿಗುತ್ತದೆ. ಬೂದುಗುಂಬಳದ ಹೋಳಿಗೆ ಅದೇ ಲೆಕ್ಕದಲ್ಲಿ ಆಮ್ಸೂಲ್ ಬಿಟ್ಟೆ. ಬಣ್ಣ ಗುಲಾಬಿಯಾಯಿತು. ಇದಕ್ಕೆ ಮಜ್ಜಿಗೆಹುಳಿ ಎನ್ನಬಹುದೋ ಇಲ್ಲವೋ ಎಂದು ಹೆಂಡತಿ ಇನ್ನೂ ತೀರ್ಪು ಕೊಟ್ಟಿಲ್ಲ.

ಒಂದು ಪದಾರ್ಥವನ್ನು ಕೈಬಿಟ್ಟು ಅದರ ಕೆಲಸ ಮಾತ್ರ ಉಳಿಸಿಕೊಳ್ಳುವ ವಿದ್ಯೆ ಕಾಂದಿವಲಿಗೆ ಹೊಸದಲ್ಲ. ಇಲ್ಲಿ ಗುಜರಾತಿ ಜೈನರ ಮನೆಗಳು ಬಹಳ. ನೆಲದಡಿಯ ಗಡ್ಡೆ ತಿನ್ನದವರಿಗಾಗಿ ಆಲೂಗಡ್ಡೆಯ ಬದಲು ಬಾಳೆಕಾಯಿ ಹಾಕಿದ ಪಾವ್‌ಭಾಜಿ ಗಾಡಿಗಳಲ್ಲೇ ದೊರೆಯುತ್ತದೆ. ಎದುರು ಫ್ಲ್ಯಾಟಿನ ಬೆನ್ ನಮ್ಮ ಕೆರೆತದ ಕಥೆ ಕೇಳಿ ನಕ್ಕು, ತಮ್ಮ ‘ಪಾತ್ರಾ’ಕ್ಕೆ ಎಷ್ಟು ಹುಣಸೆ, ಎಷ್ಟು ಬೆಲ್ಲ ಎಂದು ಅಂಗೈಯಲ್ಲಿ ತೋರಿಸಿದರು. ಆದರೆ ಕೆಸು ಹುಲುಸಾಗಿರುವ ಚಾತುರ್ಮಾಸದಲ್ಲಿ ಅವರು ಸೊಪ್ಪು ಮುಟ್ಟುವುದಿಲ್ಲ. ಅವರ ಮನೆಯಲ್ಲಿ ಬದನೆಯೂ ವರ್ಜ್ಯ. ಹದಿನಾರನೆಯ ಶತಮಾನದ ಆರಂಭದ ಜೈನ ಕವಿ, ನಮ್ಮ ಮೂರನೆಯ ಮಂಗರಸ ‘ಸೂಪಶಾಸ್ತ್ರ’ದಲ್ಲಿ ಬದನೆಯ ಅಡುಗೆಗಳನ್ನು ಮನಸಾರೆ ವರ್ಣಿಸಿದ್ದಾನೆ ಎಂದಾಗ ಅವರು ನಂಬಲಿಲ್ಲ. ಪೂರ್ತಿ ಸಸ್ಯಾಹಾರದ ಕನ್ನಡ ಪಾಕಗ್ರಂಥ ಅದು. ಷಟ್ಪದಿ ಓದಿಕೊಂಡು ರಾತ್ರಿಯ ಊಟ ಆಗುವುದಿಲ್ಲ ಎನ್ನುವುದು ಬೇರೆ ಮಾತು.

ಊಟ ಆಗುವ ಪುಸ್ತಕವೊಂದು ಇದೇ ಮುಂಬಯಿಯಲ್ಲಿ ಹುಟ್ಟಿತು. ಗಾಂವ್‌ದೇವಿಯ ಸಾರಸ್ವತ ಮಹಿಳಾ ಸಮಾಜ 1943ರಲ್ಲಿ ಮರಾಠಿಯಲ್ಲಿ ಹೊರತಂದ ‘ರಸಚಂದ್ರಿಕಾ’. ಬರೆದವರು ಅಂಬಾಬಾಯಿ ಸಂಶಿ. ನಂತರ ಇಂಗ್ಲಿಷಿಗೂ ಬಂತು, ನನ್ನಲ್ಲಿರುವುದು ಅದು. ಕೆನರಾ ಕರಾವಳಿಯಿಂದ ಬಂದು ಇಲ್ಲಿ ಸಂಸಾರ ಹೂಡಿದ ಕುಟುಂಬಗಳ ಅಡುಗೆ, ಬಹುಪಾಲು ಸಸ್ಯಾಹಾರ. ‘ವೀಗನ್’ ಎಂಬ ಪದದ ಸುಳಿವಿಲ್ಲ. ಆದರೆ ಕಾಯಿ, ಬೇಳೆ, ಸೊಪ್ಪುಗಳ ಅಡುಗೆಗಳಲ್ಲಿ ತುಪ್ಪದ ಒಗ್ಗರಣೆ ಇದ್ದಲ್ಲಿ ತೆಂಗಿನೆಣ್ಣೆ ಮಾಡಿದರೆ ಎಷ್ಟೋ ಮಗಳ ತಟ್ಟೆಗೆ ನೇರ ಬರುತ್ತವೆ. ಇಂಗು, ಹಸಿಮೆಣಸಿನ ದಾಳಿತೋಯ್ ನಮ್ಮಲ್ಲಿ ವಾರಕ್ಕೆ ಎರಡು ಸಲ.

ಅದರಲ್ಲೂ ಕೊರತೆಯಿದೆ. ವಿಧಾನಗಳು ಚುಟುಕು. ಆ ಪದಾರ್ಥವನ್ನು ತಿಂದು ಬೆಳೆದವರಿಗೆ ಅಷ್ಟು ಸಾಕು. ಏನೂ ಬಾರದವರಿಗೆ ಕೈಹಿಡಿದು ಹೇಳುವುದರಲ್ಲಿ ಮೀನಾಕ್ಷಿ ಅಮ್ಮಾಳ್ 1951ರಲ್ಲಿ ತಮಿಳಿನಲ್ಲಿ ತಂದ ‘ಸಮೈತ್ತುಪ್ಪಾರ್’ ಮೇಲು. 1974ರಲ್ಲಿ ಮೊದಲ ಪುಸ್ತಕ ತಂದ ಮುಂಬಯಿಯ ತರಲಾ ದಲಾಲ್ ಅವರೂ ಸಸ್ಯಾಹಾರವನ್ನೇ ಬರೆದವರು, ಆದರೆ ಚೀಸು, ಕೆನೆ ಬಂದಲ್ಲಿ ನನಗೆ ಉಪಯೋಗವಿಲ್ಲ.

ನನಗೆ ಬೇಕಾದ ಪುಸ್ತಕ ಇನ್ನೂ ಕಂಡಿಲ್ಲ. ಮೀನು ತಿನ್ನುವ ಮನೆಗಳ ಸೊಪ್ಪು-ತರಕಾರಿಯ ಅಡುಗೆ ಅದು. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯದ ತಿಂಗಳುಗಳಲ್ಲಿ ಊರಲ್ಲಿ ನಾವು ತಿಂದದ್ದು ಕಣಿಲೆ, ತಜಂಕ್, ಹಲಸಿನ ಬೀಜ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ. ಕಣಿಲೆಯನ್ನು ದಿನವೂ ನೀರು ಬದಲಿಸಿ ಯಾಕೆ ನೆನೆಸಬೇಕು ಎಂಬುದಕ್ಕೂ ಕಾರಣವಿದೆ. ಹಸಿ ಕಣಿಲೆಯಲ್ಲಿ ವಿಷಾಂಶವಿರುತ್ತದೆ. ಇದನ್ನೆಲ್ಲ ಬರೆಯುವವರು ಕೊನೆಯಲ್ಲಿ ಹೆಸರುಗಳ ಪಟ್ಟಿಯನ್ನೂ ಹಾಕಲಿ. ಮಳೆ ಶುರುವಾದಾಗ ಸ್ಟೇಷನ್ ಬಳಿ ಕಾಡುಸೊಪ್ಪು ಹರಡಿಕೊಂಡು ಕೂರುವ ಹೆಂಗಸರ ಬುಟ್ಟಿಯಲ್ಲಿರುವ ಟಾಕಳಾ ನಮ್ಮ ತಜಂಕ್ ಎಂದು ತಿಳಿಯಲು ನನಗೆ ಒಂಬತ್ತು ಮಳೆಗಾಲ ಬೇಕಾಯಿತು. ಹಾಗೆಯೇ ಒಂದು ಪುಟ ಬಿ12ಕ್ಕೂ ಇರಲಿ. ಹಾಲು, ಮೀನು, ಮೊಟ್ಟೆ ಎಲ್ಲ ಬಿಟ್ಟವರಿಗೆ ಅದು ಸೊಪ್ಪಿನಿಂದ ಸಿಗುವುದಿಲ್ಲ, ಬೇರೆಯಾಗಿ ತೆಗೆದುಕೊಳ್ಳಲೇಬೇಕು. ಮಗಳ ರಕ್ತಪರೀಕ್ಷೆಯ ಕಾಗದ ಕೈಗೆ ಬಂದ ಮೇಲೆ ನಾವು ಕಲಿತ ಪಾಠ.

ಹೋದ ಶನಿವಾರ ಪತ್ರೊಡೆ ಮತ್ತೆ ಮಾಡಿದೆವು, ಅಮ್ಮ ಫೋನಿನಲ್ಲಿ, ಮಗಳು ರುಬ್ಬುವಲ್ಲಿ. ದೊಡ್ಡ ನಿಂಬೆಹಣ್ಣಿನಷ್ಟು ಹುಣಸೆ. ಮೂವರೂ ಹಾಲ್‌ನಲ್ಲೇ ಕೂತು ತಿಂದೆವು. ಆಮೇಲೆ ನೋಡುತ್ತೇನೆ, ಆ ಫೋಟೋ ಪುಸ್ತಕದಲ್ಲಿ ‘ಬೇಕಿದ್ದರೆ’ ಎಂಬುದನ್ನು ಮಗಳು ಪೆನ್ಸಿಲಿನಿಂದ ಹೊಡೆದುಹಾಕಿ, ಪಕ್ಕದಲ್ಲಿ ಅಜ್ಜಿಯ ಅಳತೆ ಬರೆದಿದ್ದಾಳೆ.