ಹಡಗಿನ ದೂತಿ: ನಿಷೆಲ್ ನಿಕೋಲ್ಸ್ ಎಂಬ ನಟಿಯನ್ನು ನಾವು ಹೇಗೆ ನೋಡಬೇಕು?

ಟಿವಿಯ ಆಕಾಶನೌಕೆಯಲ್ಲಿ ಅಧಿಕಾರಿಯಾಗಿ ಕೂತ ಕಪ್ಪು ಹೆಣ್ಣುಮಗಳೊಬ್ಬಳ ಕತೆಯನ್ನು ನಾವು ಗೋಕಾಕ, ಮೂಡಲಗಿ, ಹುಕ್ಕೇರಿಯ ಗೆಳೆಯರ ಮುಂದೆ ಇಟ್ಟೆವು. ಮೂರು ಊರಲ್ಲಿ ಮೂರು ಪ್ರಶ್ನೆ ಎದ್ದವು. ಅವು ನಮ್ಮ ಭಾಷಣಕ್ಕಿಂತ ಚೂಪಾಗಿದ್ದವು. ಅಲ್ಲಿ ಕೂಡಲೇ ಉತ್ತರ ಹೊಳೆಯಲಿಲ್ಲ. ಈ ಬರಹ ಆ ಸಾಲ ತೀರಿಸುವ ಯತ್ನ.

ಮೊದಲು ಕತೆ ಇಷ್ಟು. ನಿಷೆಲ್ ನಿಕೋಲ್ಸ್ 1932ರ ಡಿಸೆಂಬರ್ 28ರಂದು ಅಮೆರಿಕದ ಇಲಿನಾಯ್ ರಾಜ್ಯದ ರಾಬಿನ್ಸ್ ಎಂಬ ಊರಿನಲ್ಲಿ ಹುಟ್ಟಿದರು. ಅದು ಕಪ್ಪು ಜನ ತಾವೇ ಕಟ್ಟಿಕೊಂಡ ಊರು. ತಂದೆ ಆ ಊರಿನ ಮೇಯರ್ ಆಗಿದ್ದವರು. ಮಗಳು ಕುಣಿತ ಕಲಿತಳು, ಹಾಡು ಕಲಿತಳು, ಡ್ಯೂಕ್ ಎಲಿಂಗ್ಟನ್, ಲಯೊನೆಲ್ ಹ್ಯಾಂಪ್ಟನ್ ಅವರಂಥ ದೊಡ್ಡ ಸಂಗೀತಗಾರರ ತಂಡದ ಜೊತೆ ಹಾಡಿದಳು. 1964ರಲ್ಲಿ ಜೀನ್ ರಾಡೆನ್‌ಬೆರಿ ಎಂಬಾತ ತಯಾರಿಸುತ್ತಿದ್ದ ಸೈನ್ಯದ ಕತೆಯ ಧಾರಾವಾಹಿಯೊಂದರಲ್ಲಿ ನಿಕೋಲ್ಸ್ ನಟಿಸಿದರು. ಆ ಕಂತು ವರ್ಣಭೇದದ ಬಗ್ಗೆ ಇತ್ತು. ವಾಹಿನಿಯವರು ಅದಕ್ಕೆ ತಕರಾರು ತೆಗೆದರು. ಅಂದರೆ ಇಂದಿನ ಅನ್ಯಾಯವನ್ನು ಇಂದಿನ ಕತೆಯಾಗಿ ಹೇಳಲು ಬಾಗಿಲು ಮುಚ್ಚಿತ್ತು. ಅದೇ ರಾಡೆನ್‌ಬೆರಿ ಎರಡು ವರ್ಷದ ನಂತರ ಮುನ್ನೂರು ವರ್ಷ ಮುಂದಿನ ಕಾಲಕ್ಕೆ, ಆಕಾಶಕ್ಕೆ ಹೋದ. 1966ರ ಸೆಪ್ಟೆಂಬರ್ 8ರಂದು 'ಸ್ಟಾರ್ ಟ್ರೆಕ್' ಆರಂಭವಾಯಿತು. 1969ರ ಜೂನ್‌ವರೆಗೆ 79 ಕಂತು ನಡೆಯಿತು. ಅದರಲ್ಲಿ ಸಂಪರ್ಕ ವಿಭಾಗದ ಅಧಿಕಾರಿ ಲೆಫ್ಟಿನೆಂಟ್ ಉಹುರಾ ಆಗಿ ಕಾಣಿಸಿಕೊಂಡವರು ನಿಕೋಲ್ಸ್. ಆಫ್ರಿಕದ ಸ್ವಾಹಿಲಿ ಭಾಷೆಯ 'ಉಹುರು' ಎಂಬ ಪದದಿಂದ ಬಂದ ಹೆಸರದು. ಅರ್ಥ: ಸ್ವಾತಂತ್ರ್ಯ.

ಗೋಕಾಕಿನ ಹಾಸ್ಟೆಲಿನ ಒಂದು ಕೋಣೆಯಲ್ಲಿ ಹುಡುಗರು ಇಷ್ಟು ಕೇಳಿಸಿಕೊಂಡರು. ಒಬ್ಬ ಕೈ ಎತ್ತಿದ.

'ಆಕಿ ಹಡಗಿನ್ಯಾಗ ಏನ್ ಮಾಡತಾಳ್ರಿ?'

'ಸುದ್ದಿ ಮುಟ್ಟಸತಾಳ. ಹೊರಗಿಂದ ಬಂದ ಮಾತು ಕ್ಯಾಪ್ಟನ್ನಗ ಹೇಳತಾಳ, ಕ್ಯಾಪ್ಟನ್ನನ ಮಾತು ಹೊರಗ ಕಳಸತಾಳ.'

'ಅಂದ್ರ ಪಾರಿಜಾತದ ದೂತಿ ಆದಳಲ್ರಿ!'

ಕೋಣೆ ನಕ್ಕಿತು. ನಾವು ನಗಲಿಲ್ಲ. ಹುಡುಗ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದ.

ಇದು ಶ್ರೀಕೃಷ್ಣ ಪಾರಿಜಾತದ ನಾಡು. ಅಪರಾಳ ತಮ್ಮಣ್ಣನ ಕಾವ್ಯವನ್ನು ಬಯಲಿಗಿಳಿಸಿದ ಕುಲಗೋಡ ತಮ್ಮಣ್ಣ ಈ ಸೀಮೆಯವನು. ಗಂಡಸರೇ ಹೆಣ್ಣಿನ ವೇಷ ಕಟ್ಟುತ್ತಿದ್ದ ಆಟಕ್ಕೆ ಹೆಣ್ಣಿನ ದನಿಯ ಕಸುವು ತುಂಬಿದ ಕೌಜಲಗಿ ನಿಂಗಮ್ಮ ಈ ಸೀಮೆಯವರು. ಹಾಗಾಗಿ ದೂತಿ ಅಂದರೆ ಯಾರು ಅಂತ ಇಲ್ಲಿಯ ಹುಡುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸತ್ಯಭಾಮೆಗೆ ಸಿಟ್ಟು ಬಂದರೆ ಓಡಬೇಕಾದವಳು ದೂತಿ. ಕೃಷ್ಣ ಬಾರದಿದ್ದರೆ ಬೈಸಿಕೊಳ್ಳುವವಳೂ ದೂತಿ. ದೊಡ್ಡವರ ಪ್ರೀತಿ ದೊಡ್ಡವರ ಜಗಳ. ನಡುವೆ ಕಾಲು ಸವೆಯುವುದು ಇವಳದು.

ಆದರೆ ನಮ್ಮ ದೂತಿಗೆ ಒಂದು ಸವಲತ್ತುಂಟು. ಆಕೆ ಎದುರಾಡಬಲ್ಲಳು. ಭಾಗವತನನ್ನು ಕೆಣಕುತ್ತಾಳೆ, ದೇವರನ್ನೂ ಬಿಡುವುದಿಲ್ಲ, ಜನರ ನಗೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತಾಳೆ. ಆಕಾಶದ ದೂತಿಗೆ ಅಷ್ಟೂ ಸಿಗಲಿಲ್ಲ. ಕಂತಿನ ನಂತರ ಕಂತು, ಸಂಪರ್ಕದ ದಾರಿ ತೆರೆದಿದೆ ಕ್ಯಾಪ್ಟನ್ ಎನ್ನುವ ಅರ್ಥದ ಒಂದೇ ಮಾತು. ಬರೆದ ಸಂಭಾಷಣೆಗಳನ್ನೂ ಚಿತ್ರೀಕರಣದ ಹೊತ್ತಿಗೆ ಕತ್ತರಿಸುತ್ತಿದ್ದರು, ಪ್ರೇಕ್ಷಕರು ಬರೆದ ಕಾಗದಗಳನ್ನೂ ತನ್ನ ಕೈಗೆ ಮುಟ್ಟಿಸಲಿಲ್ಲ ಎಂದು ನಿಕೋಲ್ಸ್ 1994ರ ತಮ್ಮ ಆತ್ಮಕಥೆಯಲ್ಲಿ ದೂರಿದ್ದಾರೆ. ಊರಿನ ಸುದ್ದಿಯನ್ನೆಲ್ಲ ಮುಟ್ಟಿಸುವ ಪಾತ್ರ ಮಾಡಿದವಳಿಗೆ ಅವಳ ಕಾಗದ ಮುಟ್ಟಲಿಲ್ಲ! ಇನ್ನೂ ಒಂದು ಮಾತು. ಮೂರು ವರ್ಷ ತೆರೆಯ ಮೇಲಿದ್ದ ಉಹುರಾಳಿಗೆ ಮನೆತನದ ಹೆಸರೊಂದನ್ನು ಬಿಟ್ಟರೆ ತನ್ನದೇ ಆದ ಹೆಸರಿರಲಿಲ್ಲ. 'ನ್ಯೋಟಾ', ಅಂದರೆ ನಕ್ಷತ್ರ, ಎಂಬ ಹೆಸರು ತೆರೆಯ ಮೇಲೆ ಕೇಳಿಬಂದದ್ದು 2009ರ ಸಿನಿಮಾದಲ್ಲಿ, ಬೇರೆ ನಟಿ ಆ ಪಾತ್ರ ಮಾಡಿದಾಗ. ಇಂಥವಳ ಮಗಳು, ಇಂಥವನ ಹೆಂಡತಿ ಎಂದೇ ಕರೆಸಿಕೊಂಡು ಬದುಕು ಮುಗಿಸುವ ನಮ್ಮ ಅವ್ವಂದಿರಿಗೆ ಇದು ಹೊಸದೇನಲ್ಲ.

ಆದ್ದರಿಂದ ಗೋಕಾಕಿನ ಗೆಳೆಯನಿಗೆ ನಮ್ಮ ಉತ್ತರ: ಹೌದಪ್ಪಾ, ಆಕೆ ದೂತಿಯೇ. ಪಾತ್ರವಾಗಿ ನೋಡಿದರೆ ಉಹುರಾ ಬಡವಾದ ಪಾತ್ರ. ಕಪ್ಪು ಮುಖ ಕಂಡಿತು ಅಂತ ಕೈ ಚಪ್ಪಾಳೆ ತಟ್ಟಿ ಎದ್ದು ಹೋದರೆ ಅದು ವಿಮರ್ಶೆ ಆಗುವುದಿಲ್ಲ, ಭಜನೆ ಆಗುತ್ತದೆ.

ಮೂಡಲಗಿಯಲ್ಲಿ ಮಾತು ಬೇರೆ ದಾರಿ ಹಿಡಿಯಿತು. ಅಲ್ಲಿ ಸಂಘಟನೆಯ ಹಿರಿಯ ಗೆಳೆಯರೊಬ್ಬರು ಗದರಿಕೊಂಡರು. 'ಅಮೆರಿಕದ ಬಂಡವಾಳಶಾಹಿ ಟಿವಿ ತಗೊಂಡು ನಮಗ ಏನಾಗಬೇಕ್ರಿ? ಅವರು ವಿಯೆಟ್ನಾಮಿನ ಮ್ಯಾಲೆ ಬಾಂಬ್ ಹಾಕುಮುಂದ ಈ ನಾಟಕ ತೋರಿಸಿದ್ರು. ಇಲ್ಲಿ ಕಬ್ಬು ಕಡಿಯೋ ಹೆಣ್ಮಗಳಿಗೆ ಆಕಾಶದ ಹಡಗ ಯಾಕ?'

ಮಾತಿನ ಅರ್ಧ ಭಾಗ ನಮಗೆ ಒಪ್ಪಿಗೆ. ನೌಕೆಯಲ್ಲಿ ಎಲ್ಲ ಬಣ್ಣದವರಿದ್ದರೂ ಆಜ್ಞೆ ಕೊಡುವ ಕುರ್ಚಿಯಲ್ಲಿ ಕೂತವನು ಬಿಳಿಯನೇ. 1968ರ ನವೆಂಬರ್ 22ರ ಕಂತಿನಲ್ಲಿ ಆ ಬಿಳಿ ಕ್ಯಾಪ್ಟನ್ ಮತ್ತು ಉಹುರಾ ಮುತ್ತು ಕೊಡುತ್ತಾರೆ. ಅಮೆರಿಕದ ಟಿವಿಯಲ್ಲಿ ಕಪ್ಪು ಬಿಳಿ ಜೋಡಿಯ ಮೊದಮೊದಲ ಚುಂಬನಗಳಲ್ಲಿ ಒಂದು ಎಂದು ಅದನ್ನು ಇಂದಿಗೂ ಕೊಂಡಾಡುತ್ತಾರೆ. ಕತೆ ನೋಡಿ: ಅನ್ಯಗ್ರಹದ ದುಷ್ಟರು ಮನಸ್ಸಿನ ಬಲದಿಂದ ಅವರಿಬ್ಬರನ್ನೂ ಒತ್ತಾಯಿಸುತ್ತಾರೆ. ಕಪ್ಪು ಬಿಳಿ ಮದುವೆಯನ್ನು ನಿಷೇಧಿಸಿದ ಕಾನೂನುಗಳನ್ನು ಅಲ್ಲಿನ ಸುಪ್ರೀಂ ಕೋರ್ಟು ರದ್ದು ಮಾಡಿದ್ದು 1967ರಲ್ಲಿ. ಕೋರ್ಟು ಒಪ್ಪಿದ ಮೇಲೂ ಕತೆಗಾರನ ಕೈ ನಡುಗುತ್ತಿತ್ತು. ಇಬ್ಬರೂ ಒಲಿದು ಮುತ್ತಿಟ್ಟರು ಎಂದು ಬರೆಯುವ ಧೈರ್ಯ ಬರಲಿಲ್ಲ. ಅಂಬೇಡ್ಕರ್ 1936ರಲ್ಲೇ ಜಾತಿಯ ಬೇರು ಕೀಳಲು ಅಂತರ್ಜಾತಿ ಮದುವೆಯೇ ನಿಜವಾದ ಮದ್ದು ಎಂದು ಬರೆದರು. ನಮ್ಮ ಸಿನಿಮಾದಲ್ಲಿ ಕೇರಿಯ ಹುಡುಗಿಯನ್ನು ಪ್ರೀತಿಸಿದ ಊರಿನ ಹುಡುಗ ಕೊನೆಯ ರೀಲಿನಲ್ಲಿ ಏನಾಗುತ್ತಾನೆ, ಆಕೆ ಏನಾಗುತ್ತಾಳೆ ಎಂದು ಲೆಕ್ಕ ಹಾಕಿದರೆ ಅಮೆರಿಕದವರನ್ನು ನೋಡಿ ನಗಲು ನಮಗೆ ಬಾಯಿ ಬರುವುದಿಲ್ಲ.

ಇನ್ನು ಹಸಿವು ಮತ್ತು ಆಕಾಶದ ಪ್ರಶ್ನೆ. ಮೂಡಲಗಿಯ ಗೆಳೆಯರು ಕೇಳಿದ್ದನ್ನು ಅಮೆರಿಕದ ಕಪ್ಪು ಜನರೇ ಮೊದಲು ಕೇಳಿದ್ದರು. 1969ರ ಜುಲೈ ತಿಂಗಳು, ಚಂದ್ರನಿಗೆ ಅಪೊಲೊ-11 ಹಾರುವ ಹಿಂದಿನ ದಿನ, ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಗಾತಿ ರಾಲ್ಫ್ ಅಬರ್ನಾತಿ ಬಡ ಜನರನ್ನು ಕಟ್ಟಿಕೊಂಡು ಹೇಸರಗತ್ತೆಯ ಬಂಡಿಯೊಂದಿಗೆ ಉಡ್ಡಯನ ಕೇಂದ್ರದ ಬಾಗಿಲಿಗೇ ಬಂದು ನಿಂತರು. ರಾಕೆಟ್ಟಿಗೆ ದುಡ್ಡುಂಟು, ರೊಟ್ಟಿಗೆ ಯಾಕಿಲ್ಲ? ಈ ಪ್ರಶ್ನೆ ಅಂದೂ ಸರಿ, ಇಂದೂ ಸರಿ.

ಆದರೆ ಕಿಂಗ್ ಅವರದೇ ಇನ್ನೊಂದು ಮಾತಿದೆ. ನಿಕೋಲ್ಸ್ ಹಲವು ಸಲ ಹೇಳಿಕೊಂಡ ಪ್ರಸಂಗ ಇದು. ಮೊದಲ ವರ್ಷ ಮುಗಿದಾಗ ಅವರಿಗೆ ಸಾಕಾಗಿ ಹೋಗಿತ್ತು. ಈ ಪಾತ್ರ ಬಿಟ್ಟು ರಂಗಭೂಮಿಗೆ ಹೋಗುತ್ತೇನೆಂದು ರಾಜೀನಾಮೆ ಕೊಟ್ಟರು. ಅದೇ ವಾರ ಒಂದು ಸಭೆಯಲ್ಲಿ ಕಿಂಗ್ ಸಿಕ್ಕರು. ನಮ್ಮ ಮಕ್ಕಳಿಗೆ ನೋಡಲು ಬಿಡುವ ಕಾರ್ಯಕ್ರಮ ಇದು, ನೀವು ಬಿಡಕೂಡದು ಎಂದರು. ಮುಂಬರುವ ಕಾಲದಲ್ಲಿ ನಾವೂ ಇದ್ದೇವೆ ಎಂದು ಜಗತ್ತು ಕಾಣುತ್ತಿರುವುದು ಇಲ್ಲೇ, ಎಂಬುದು ಅವರ ಮಾತಿನ ಸಾರ. ನಿಕೋಲ್ಸ್ ಉಳಿದರು.

ನಮಗೇನು ಸಂಬಂಧ ಎನ್ನುವವರು ಇದನ್ನೂ ಕೇಳಬೇಕು. ಈ ಕಿಂಗ್ 1959ರಲ್ಲಿ ನಮ್ಮ ದೇಶಕ್ಕೆ ಬಂದಿದ್ದರು. ಕೇರಳದ ಶಾಲೆಯೊಂದರಲ್ಲಿ ದಲಿತ ಮಕ್ಕಳ ಮುಂದೆ ಮುಖ್ಯೋಪಾಧ್ಯಾಯರು ಇವರನ್ನು ಅಮೆರಿಕದ ಒಬ್ಬ ಅಸ್ಪೃಶ್ಯ ಎಂದು ಪರಿಚಯಿಸಿದರಂತೆ. ಮೊದಲು ಮನಸ್ಸು ಕಹಿಯಾಯಿತು, ಆಮೇಲೆ ಯೋಚಿಸಿ ಹೌದು ಎಂದುಕೊಂಡೆ ಎಂದು ಕಿಂಗ್ 1965ರ ಪ್ರವಚನದಲ್ಲಿ ಹೇಳಿದರು. ಅದಕ್ಕೂ ಮೊದಲು 1946ರಲ್ಲಿ ಅಂಬೇಡ್ಕರ್ ಅಮೆರಿಕದ ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಕಾಗದ ಬರೆದು ಎರಡು ಜನರ ಸ್ಥಿತಿಯ ಹೋಲಿಕೆಯನ್ನು ತೋರಿಸಿದ್ದರು. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನೇ ಅಲ್ಲಿಂದ ತಂದರು. ಈ ತಂತಿ ಹಳೆಯದು. ಕಡಿದು ಹಾಕುವುದರಿಂದ ನಮಗೆ ಲಾಭವಿಲ್ಲ.

ಮತ್ತೆ ನಿಕೋಲ್ಸ್ ಕತೆಗೆ ಬರೋಣ. ಧಾರಾವಾಹಿ ನಿಂತಿತು. ಮುಂದೇನು? 1974ರ ಒಂದು ಸಿನಿಮಾದಲ್ಲಿ ಅವರಿಗೆ ದೊರೆತ ಪಾತ್ರ ಸೂಳೆಗೇರಿಯ ಯಜಮಾನಿಯದು. ಆಕಾಶದಲ್ಲಿ ಅಧಿಕಾರಿಯಾಗಿದ್ದವಳನ್ನು ಭೂಮಿಗೆ ಇಳಿದ ಕೂಡಲೇ ವ್ಯವಸ್ಥೆ ಎಲ್ಲಿ ಕೂರಿಸಿತು ನೋಡಿ. ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾತ್ರ ಗೊತ್ತುಮಾಡಿದ ಈ ಜಿಲ್ಲೆಯವರಿಗೆ ಇದು ತಿಳಿಯದ ಆಟವಲ್ಲ.

ನಿಕೋಲ್ಸ್ ಅಲ್ಲಿಗೆ ನಿಲ್ಲಲಿಲ್ಲ. ನಮ್ಮ ಮಟ್ಟಿಗೆ ಅವರ ನಿಜವಾದ ಪಾತ್ರ ಇಲ್ಲಿಂದಲೇ ಆರಂಭ. ಅಮೆರಿಕದ ಬಾಹ್ಯಾಕಾಶ ಸಂಸ್ಥೆ ನಾಸಾ 1959ರಲ್ಲಿ ಆರಿಸಿದ ಮೊದಲ ಏಳು ಗಗನಯಾನಿಗಳೂ ಬಿಳಿ ಗಂಡಸರು. ನಮ್ಮ ಜನ ಇಲ್ಲಿ ಯಾಕಿಲ್ಲ ಎಂದು ನಿಕೋಲ್ಸ್ ಆ ಸಂಸ್ಥೆಯ ಮುಖಕ್ಕೇ ಕೇಳಿದರು. ಹಾಗಾದರೆ ನೀವೇ ಕರೆತನ್ನಿ ಎಂಬ ಮಾತು ಬಂತು. 1977ರಲ್ಲಿ ಊರೂರು ತಿರುಗಿದರು, ಕಾಲೇಜುಗಳಿಗೆ ಹೋದರು, ಟಿವಿಯಲ್ಲಿ ಕರೆ ಕೊಟ್ಟರು. ಆ ಸಲ 8,000ಕ್ಕೂ ಹೆಚ್ಚು ಅರ್ಜಿ ಬಂದವು. 1978ರ ಜನವರಿಯಲ್ಲಿ ಆಯ್ಕೆಯಾದ 35 ಮಂದಿಯಲ್ಲಿ ಆರು ಜನ ಹೆಂಗಸರು, ಮೂವರು ಕಪ್ಪು ಜನ.

ಆ ಮೂವರಲ್ಲಿ ಒಬ್ಬರು ರೊನಾಲ್ಡ್ ಮೆಕ್‌ನೇರ್. 1959ರಲ್ಲಿ, ಒಂಬತ್ತು ವರ್ಷದ ಹುಡುಗನಾಗಿದ್ದಾಗ, ತನ್ನ ಊರಿನ ಗ್ರಂಥಾಲಯಕ್ಕೆ ಪುಸ್ತಕ ಕೇಳಲು ಹೋದ. ಕಪ್ಪು ಹುಡುಗನಿಗೆ ಪುಸ್ತಕ ಕೊಡುವುದಿಲ್ಲ ಎಂದರು, ಪೊಲೀಸರನ್ನೂ ಕರೆಸಿದರು. ಹುಡುಗ ಕದಲಲಿಲ್ಲ, ಪುಸ್ತಕ ಹಿಡಿದೇ ಹೊರಬಂದ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಸಿಡಿದಾಗ ಮೆಕ್‌ನೇರ್ ತೀರಿಹೋದರು. ಆ ಹಳೆಯ ಗ್ರಂಥಾಲಯದ ಕಟ್ಟಡ ಈಗ ಅವರ ಹೆಸರಿನಲ್ಲಿದೆ. 1992ರಲ್ಲಿ ಆಕಾಶಕ್ಕೆ ಹೋದ ಮೊದಲ ಕಪ್ಪು ಮಹಿಳೆ ಮೇ ಜೆಮಿಸನ್, ಚಿಕ್ಕವಳಿದ್ದಾಗ ಉಹುರಾಳನ್ನು ನೋಡಿ ಬೆಳೆದವರು. ನಟಿ ವೂಪಿ ಗೋಲ್ಡ್‌ಬರ್ಗ್ ಕೂಡ ಹಾಗೆಯೇ. ಟಿವಿಯಲ್ಲಿ ಕಪ್ಪು ಹೆಂಗಸು ಇದ್ದಾಳೆ, ಆಕೆ ಮನೆಗೆಲಸದವಳಲ್ಲ ಎಂದು ಹುಡುಗಿಯಾಗಿದ್ದಾಗ ಮನೆಯವರನ್ನೆಲ್ಲ ಕೂಗಿ ಕರೆದವರು.

ಇಲ್ಲಿ ದೂತಿಯ ಅರ್ಥವೇ ತಿರುವುಮುರುವಾಯಿತು. ತೆರೆಯ ಮೇಲೆ ಕ್ಯಾಪ್ಟನ್ನನ ಮಾತು ಹೊತ್ತವರು ತೆರೆಯ ಹೊರಗೆ ತಮ್ಮ ಜನರ ಮಾತು ಹೊತ್ತರು. ಪಾತ್ರ ಕೊಟ್ಟದ್ದು ಒಂದು ಕುರ್ಚಿ. ಆ ಕುರ್ಚಿಯನ್ನು ಅವರು ಬಾಗಿಲಿಗೆ ಒತ್ತುಕೊಟ್ಟರು, ಮತ್ತೆ ಮುಚ್ಚದ ಹಾಗೆ.

ಇಂಥ ಕೆಲಸ ನೋಡಲು ಅಮೆರಿಕಕ್ಕೇ ಹೋಗಬೇಕಿಲ್ಲ. ನಮ್ಮ ಪಕ್ಕದ ಘಟಪ್ರಭಾದಲ್ಲಿ ದೇವದಾಸಿ ಪದ್ಧತಿಯಿಂದ ಹೊರಬಂದ ಹೆಣ್ಣುಮಕ್ಕಳೇ ಕಟ್ಟಿ ನಡೆಸಿದ 'ಮಾಸ್' ಸಂಸ್ಥೆಯಿದೆ. ಬಾಲ್ಯದಲ್ಲಿ ಮುತ್ತು ಕಟ್ಟಿಸಿಕೊಂಡ ಸೀತವ್ವ ಜೋಡಟ್ಟಿಯವರು ಅದರ ಮುಂದಾಳಾಗಿ ಎಷ್ಟೋ ಹುಡುಗಿಯರ ಕೊರಳಿಗೆ ಮುತ್ತು ಬೀಳದಂತೆ ತಡೆದರು. 1982ರ ಕಾಯ್ದೆ ಕಾಗದದ ಮೇಲಿತ್ತು. ಮನೆಮನೆಗೆ ಒಯ್ದವರು ಇಂಥವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಕೊನೆಗೆ ಹುಕ್ಕೇರಿ. ಅಲ್ಲಿ ಸಂಜೆ ಕೂಡಿದವರು ಹೆಚ್ಚಾಗಿ ಶಾಲೆಯವರು. ಎಲ್ಲ ಕೇಳಿದ ಮೇಲೆ ಅಕ್ಕೋರು ಒಬ್ಬರು ಮೆಲ್ಲಗೆ ಅಂದರು: 'ಅಮೆರಿಕದಾಗ ಪಾತ್ರ ಹಂಚಿದವರನ್ನ ಬೈದ್ರಿ, ಚೊಲೊ ಆತು. ನಮ್ಮ ಸಾಲಿ ಗ್ಯಾದರಿಂಗದಾಗ ಪಾತ್ರ ಹಂಚವರು ಯಾರ್ರಿ? ನಾವಽ ಅಲ್ಲೇನು? ಚೆನ್ನಮ್ಮನ ಪಾತ್ರ ಯಾರಿಗೆ ಹೋಗತೈತಿ, ಪರದೆ ಎಳಿಯೋ ಕೆಲಸ ಯಾರಿಗೆ ಬರತೈತಿ, ಹೇಳ್ರಿ ನೋಡೂಣು.'

ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮವರೇ ಆದ ಮಾಸ್ತರರೊಬ್ಬರು ನೆಲ ನೋಡುತ್ತ ಹೇಳಿದರು: 'ಕೇರಿ ಹುಡುಗಿ ಒಬ್ಬಾಕಿ ಭಾಳ ಚೊಲೊ ಹಾಡತಿದ್ದಳು. ನಾನು ಆಕಿನ್ನ ಪರದೆ ಹಿಂದ ನಿಂದ್ರಿಸಿ ಹಾಡಿಸಿದೆ. ಮುಂದ ಬ್ಯಾರೆ ಹುಡುಗಿ ತುಟಿ ಅಲ್ಲಾಡಿಸಿದಳು. ಯಾರೂ ನನಗ ಹಂಗ ಮಾಡು ಅಂದಿರಲಿಲ್ಲ. ನನಗಽ ಹಂಗ ಮಾಡಬೇಕು ಅನಿಸಿತು. ಮರುವರ್ಷ ಆಕಿ ಹಾಡಾಕ ಬರಲಿಲ್ಲ.'

ಈ ಮಾತಿಗೆ ನಮ್ಮಲ್ಲಿ ಉತ್ತರವಿಲ್ಲ. ಜಾತಿ ನಮ್ಮ ಹೊರಗೆ ಮಾತ್ರ ಇದೆ ಎಂದು ಭಾಷಣ ಮಾಡುತ್ತ ಬಂದವರು ನಾವು. ಅದು ನಮ್ಮ ಕೈಯಲ್ಲೇ ಪಾತ್ರ ಹಂಚುತ್ತಿತ್ತು.

ಆದ್ದರಿಂದ ಒಂದು ನಟಿಯ ಬದುಕಿನಿಂದ ನಾವು ಕಲಿತ ಅಳತೆಗೋಲನ್ನು ಇಲ್ಲಿಡುತ್ತೇವೆ. ಪಾರಿಜಾತವಿರಲಿ, ಸಿನಿಮಾ ಇರಲಿ, ಶಾಲೆಯ ಗ್ಯಾದರಿಂಗವಿರಲಿ, ಮೂರು ಪ್ರಶ್ನೆ ಕೇಳೋಣ. ಆ ಪಾತ್ರಕ್ಕೆ ತನ್ನ ಹೆಸರಿದೆಯೇ? ಆಡುವ ಮಾತು ತನ್ನದೇ, ಬೇರೆಯವರದೇ? ಒಬ್ಬಳು ಒಳಗೆ ಬಂದ ಮೇಲೆ ಅವಳ ಹಿಂದೆ ಎಷ್ಟು ಮಂದಿ ಬಂದರು? ಮೊದಲ ಎರಡು ಪ್ರಶ್ನೆಯಲ್ಲಿ ಉಹುರಾ ಸೋತಳು. ಮೂರನೆಯದರಲ್ಲಿ ನಿಷೆಲ್ ನಿಕೋಲ್ಸ್ ಗೆದ್ದರು. 2022ರ ಜುಲೈ 30ರಂದು, 89ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆ ಇತ್ತು, ಅವರ ಉಸ್ತುವಾರಿ ಯಾರದೆಂಬ ಕೋರ್ಟು ವ್ಯಾಜ್ಯವೂ ಇತ್ತು. ಗೆದ್ದವರ ಮುಪ್ಪೂ ಹೂವಿನ ಹಾಸಿಗೆಯಾಗಿರಲಿಲ್ಲ.

ಗ್ಯಾದರಿಂಗದ ದಿನ ಮತ್ತೆ ಬರುತ್ತವೆ. ಮಾಸ್ತರರೇ, ಅಕ್ಕೋರೇ, ಈ ಸಲ ಪಾತ್ರದ ಪಟ್ಟಿ ಬರೆದ ಮೇಲೆ ಒಮ್ಮೆ ಓದಿ ನೋಡಿರಿ. ಪರದೆಯ ಹಿಂದೆ ಯಾರನ್ನು ನಿಲ್ಲಿಸಿದ್ದೀರಿ ಅಂತ ನೋಡಿರಿ. ಆ ಹುಡುಗಿಯ ಹೆಸರನ್ನು ಮೇಲೆ ಬರೆಯಿರಿ.