ಹರಳಿನ ಮುಖ ನೋಡಿ ಮಣೆ

ಬ್ಯುಟೇನ್ ಸುಡುವುದು ಸುಲಭ. ಸುಡುವಿಕೆಯನ್ನು ಅರ್ಧದಲ್ಲಿ ತಡೆಯುವುದು ಕಷ್ಟ. ವೆನೇಡಿಯಂ ಮತ್ತು ರಂಜಕದ ಮಿಶ್ರ ಆಕ್ಸೈಡಾದ ವೆನಡಿಲ್ ಪೈರೋಫಾಸ್ಫೇಟ್ ಎಂಬ ವೇಗವರ್ಧಕ ಈ ಕಷ್ಟದ ಕೆಲಸವನ್ನು ಕಾರ್ಖಾನೆಗಳಲ್ಲಿ ದಶಕಗಳಿಂದ ಮಾಡುತ್ತಿದೆ. ಬ್ಯುಟೇನಿನ ಒಂದು ಅಣುವಿನಿಂದ ಎಂಟು ಹೈಡ್ರೋಜನ್ ಕಿತ್ತು, ಮೂರು ಆಮ್ಲಜನಕ ಸೇರಿಸಿ, ಮೆಲೆಯಿಕ್ ಅನ್‌ಹೈಡ್ರೈಡ್ ಕೊಡುತ್ತದೆ. ಇಷ್ಟಕ್ಕೂ ಹರಳಿನ (100) ಮುಖವೇ ಕಾರಣ ಎಂಬ ವಿವರಣೆ ಬಹಳ ಕಾಲದಿಂದ ಚಲಾವಣೆಯಲ್ಲಿದೆ. ಅಲ್ಲಿ ವೆನೇಡಿಯಂ ಜೋಡಿಜೋಡಿಯಾಗಿದೆ, ನಡುವೆ ಫಾಸ್ಫೇಟ್ ಗೋಡೆ. ಹೆಚ್ಚುವರಿ ಆಮ್ಲಜನಕ ಕೈಗೆಟಕದೆ ಅಣು ಪೂರ್ತಿ ಸುಡದೆ ಉಳಿಯುತ್ತದೆ ಎಂಬುದು ವಾದ.

ವಾದ ಅಂದವಾಗಿದೆ. ಆದರೆ ಕೆಲಸದಲ್ಲಿರುವ ವೇಗವರ್ಧಕದ ಮೇಲ್ಪದರದಲ್ಲಿ ರಂಜಕ ಹೆಚ್ಚಾಗಿರುತ್ತದೆ. ಎಷ್ಟೋ ಮಾದರಿಗಳಲ್ಲಿ ಹರಳಿನ ಮೇಲೆ ಕ್ರಮವಿಲ್ಲದ ತೆಳುಪದರವೂ ಕಂಡಿದೆ. ಹಾಗಿದ್ದರೆ ವಿವರಣೆಯಲ್ಲಿ ಬಿಡಿಸಿದ ಆ ಮುಖವನ್ನು ಬ್ಯುಟೇನ್ ಮುಟ್ಟುತ್ತದೆಯೇ?

ಯಾವ ಮುಖಕ್ಕೆ ಶ್ರೇಯ ಎಂಬ ಬಗ್ಗೆ ಸರಳ ಆಕ್ಸೈಡಿನಲ್ಲೂ ಒಮ್ಮತವಿರಲಿಲ್ಲ. ಪ್ರೊಪಿಲೀನನ್ನು ಅಕ್ರೋಲೀನ್ ಮಾಡುವುದು ಮಾಲಿಬ್ಡಿನಂ ಟ್ರೈಆಕ್ಸೈಡಿನ ಪಕ್ಕದ ಮುಖ, ತಳಮುಖ ಅದನ್ನು ಸುಡುತ್ತದೆ ಎಂದು ಫ್ರಾನ್ಸಿನ ವೋಲ್ಟಾ ತಂಡ ಹೇಳಿತು. ಆಮ್ಲಜನಕ ಸೇರುವುದೇ ತಳಮುಖದಲ್ಲಿ ಎಂದು ಪೋಲೆಂಡಿನ ಹೇಬರ್ ತಂಡ ವಾದಿಸಿತು. ಒಂದೇ ಹರಳು, ಎರಡು ತೀರ್ಪು. ಇಡೀ ಕ್ರಿಯೆಯ ಫಲವನ್ನು ಅಳೆಯುವುದೂ ಅದರ ಒಂದು ಹಂತವನ್ನು ಬಿಡಿಸಿ ನೋಡುವುದೂ ಒಂದೇ ಅಲ್ಲ.

ಮಾಲಿಬ್ಡಿನಂ, ವೆನೇಡಿಯಂ, ಟೆಲ್ಯೂರಿಯಂ, ನಯೋಬಿಯಂ ಸೇರಿದ ಎಂ1 ಆಕ್ಸೈಡಿನ ಕಥೆ ಹೆಚ್ಚು ಪಾಠ ಕಲಿಸುತ್ತದೆ. ಏಳು ಮೂಲೆಯ ಸುರಂಗಗಳು ಬಾಯಿ ತೆರೆಯುವ ತಳಮುಖಕ್ಕೆ ಹಲವರು ಮಣೆ ಹಾಕಿದ್ದರು. 2016ರಲ್ಲಿ ಲೆರ್ಚರ್ ಮತ್ತು ಸಂಗಡಿಗರು ಈಥೇನನ್ನು ಎಥಿಲೀನ್ ಮಾಡುವ ಕ್ರಿಯೆಯಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಹರಳುಗಳ ಪಕ್ಕದ ಮುಖಗಳನ್ನು ಪರಮಾಣು ಮಟ್ಟದಲ್ಲಿ ಗುರುತಿಸಿ, ಕ್ರಿಯೆಯ ವೇಗದೊಂದಿಗೆ ತಾಳೆ ನೋಡಿದರು. ಶ್ರೇಯ ಪಕ್ಕದ ಕೆಲವು ಮುಖಗಳಿಗೆ ಸಂದಿತು. ಈಥೇನಿನಲ್ಲಿ ಸಿಕ್ಕ ಈ ಉತ್ತರ ಪ್ರೊಪೇನಿನಂಥ ಬೇರೆ ಅಣುವಿಗೂ ಅನ್ವಯಿಸುತ್ತದೆ ಎನ್ನಲು ಬೇರೆಯೇ ಪುರಾವೆ ಬೇಕು.

ಹಾಗೆಂದು ಮುಖದ ಮಾತನ್ನೇ ಕೈಬಿಡಬೇಕಿಲ್ಲ. ಯಾವ ಆಕಾರದ ಹರಳು ಬೆಳೆಸಬೇಕೆಂಬ ದಾರಿ ಅದರಿಂದಲೇ ಸಿಗುತ್ತದೆ. ಆದರೆ ಎಕ್ಸ್‌ರೇ ನಕ್ಷೆಯಲ್ಲಿ ಒಂದು ಮುಖದ ಗೆರೆ ಎತ್ತರವಾಯಿತು, ಇಳುವರಿಯೂ ಏರಿತು ಎಂಬುದು ಸಾಕ್ಷ್ಯವಲ್ಲ, ಬರೀ ಸುಳಿವು. ಆ ಮುಖದ ವಿಸ್ತೀರ್ಣವೆಷ್ಟು, ಬಿಸಿ ಅನಿಲದಡಿ ಅದರ ಮೇಲ್ಪದರ ಹೇಗಿತ್ತು, ಅಳೆದದ್ದು ಯಾವ ಹಂತವನ್ನು ಎಂಬ ಮೂರಕ್ಕೂ ಉತ್ತರಿಸದ ಪ್ರಬಂಧಕ್ಕೆ ಹರಳಿನ ಮುಖವನ್ನು ಕಾರಣವೆನ್ನುವ ಹಕ್ಕಿಲ್ಲ.